ಫಾಸ್ಟರ್ ನಾಯಿಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ: ಚೀಲ ಕೊಳ್ಳುವ ಮುಂಚೆ ನೋಡಬೇಕಾದ್ದು

ಫಾಸ್ಟರ್ ನಾಯಿ, ಅಂದರೆ ದತ್ತು ಹೋಗುವವರೆಗೆ ಶೆಲ್ಟರ್ (ನಾಯಿಗಳ ಆಶ್ರಯಧಾಮ) ಪರವಾಗಿ ನಾವು ನೋಡಿಕೊಳ್ಳುವ ನಾಯಿ, ಮನೆಗೆ ಬರುತ್ತದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು "ಯಾವ ಬ್ರ್ಯಾಂಡ್ ತರಲಿ?" ಅಂತ. ಅಂಗಡಿ ಆಮೇಲೆ. ಮೊದಲು ಶೆಲ್ಟರ್‌ನವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ. ಅದು ಈಗ ಏನು ತಿನ್ನುತ್ತಿದೆ, ದಿನಕ್ಕೆ ಎಷ್ಟು ತಿನ್ನುತ್ತದೆ, ಊಟದ ಖರ್ಚು ಯಾರದು. ಕೊನೆಯದನ್ನು ಕೇಳಲು ತುಂಬಾ ಜನ ಸಂಕೋಚಪಡುತ್ತಾರೆ. ಸಂಕೋಚ ಬೇಡ. ಎಷ್ಟೋ ಶೆಲ್ಟರ್‌ಗಳು ಊಟ ತಾವೇ ಕೊಡುತ್ತವೆ, ಇಲ್ಲವೇ ದಾನವಾಗಿ ಬಂದ ಚೀಲಗಳು ಅವರ ಹತ್ತಿರ ಇರುತ್ತವೆ. ನೀವು ಉಳಿಸಿದ ಹಣ ಆ ನಾಯಿಯ ಔಷಧಿಗೋ ಮುಂದಿನ ನಾಯಿಗೋ ಆಗುತ್ತದೆ.

ಬಂದ ಮೊದಲ ಕೆಲವು ದಿನ ಅಲ್ಲಿ ತಿನ್ನುತ್ತಿದ್ದುದನ್ನೇ ಹಾಕಿ. ಅದು ನಿಮಗೆ ಇಷ್ಟವಿಲ್ಲದ ಬ್ರ್ಯಾಂಡ್ ಆಗಿದ್ದರೂ ಸರಿ. ಜಾಗ ಬದಲಾದದ್ದಕ್ಕೇ ಎಷ್ಟೋ ನಾಯಿಗಳಿಗೆ ಹೊಟ್ಟೆ ಕೆಡುತ್ತದೆ. ಹೊಸ ಮನೆ, ಹೊಸ ವಾಸನೆ, ಗೊತ್ತಿಲ್ಲದ ಜನ, ಇದರ ಜೊತೆಗೆ ಊಟವನ್ನೂ ಬದಲಾಯಿಸಿಬಿಟ್ಟರೆ ಭೇದಿ ಆದಾಗ ಯಾವುದರಿಂದ ಆಯ್ತು ಅಂತ ನಿಮಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ. ನಾಯಿ ಸ್ವಲ್ಪ ನೆಲೆಯಾದ ಮೇಲೆ ನಿಧಾನಕ್ಕೆ ಬದಲಾಯಿಸಿ. ಕಾಲು ಭಾಗ ಹೊಸದು, ಮುಕ್ಕಾಲು ಭಾಗ ಹಳೆಯದು ಅಂತ ಶುರುಮಾಡಿ. ಎರಡು ಮೂರು ದಿನ ಬಿಟ್ಟು ಅರ್ಧ ಅರ್ಧ. ಆಮೇಲೆ ಮುಕ್ಕಾಲು ಹೊಸದು. ಒಟ್ಟು 7ರಿಂದ 10 ದಿನ ಹಿಡಿಯುತ್ತದೆ. ಮಧ್ಯೆ ಮಲ ತೆಳ್ಳಗಾದರೆ ಒಂದು ಹೆಜ್ಜೆ ಹಿಂದೆ ಹೋಗಿ, ಅಲ್ಲೇ ಎರಡು ದಿನ ನಿಲ್ಲಿ.

ಮೊದಲ ದಿನ ಏನೂ ಮುಟ್ಟದೇ ಇರಬಹುದು. ಹೆದರಿದ ನಾಯಿಗೆ ಹಸಿವು ಗೊತ್ತಾಗುವುದಿಲ್ಲ. ತಟ್ಟೆ ಇಟ್ಟು ದೂರ ಹೋಗಿ, ಪಕ್ಕದಲ್ಲೇ ಕೂತು ಬಲವಂತ ಮಾಡಬೇಡಿ. ಕಿಬಲ್ (ಚೀಲದಲ್ಲಿ ಬರುವ ಒಣ ಕಾಳಿನ ಊಟ) ಮೇಲೆ ಸ್ವಲ್ಪ ಉಗುರು ಬೆಚ್ಚಗಿನ ನೀರು ಹಾಕಿದರೆ ವಾಸನೆ ಏಳುತ್ತದೆ, ಅಷ್ಟಕ್ಕೇ ತುಂಬಾ ನಾಯಿಗಳು ತಿನ್ನಲು ಶುರುಮಾಡುತ್ತವೆ. ಬೆಳೆದ ದೊಡ್ಡ ನಾಯಿ ಎರಡು ದಿನವಾದರೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಮರಿಯಾದರೆ ಅಷ್ಟು ಕಾಯುವ ಹಾಗಿಲ್ಲ. ಸಣ್ಣ ಮರಿಗಳಿಗೆ ಊಟ ತಪ್ಪಿದರೆ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಎರಡು ಊಟ ಬಿಟ್ಟಿತು, ಮಂಕಾಗಿ ಮಲಗಿದೆ ಅಂದರೆ ಅವತ್ತೇ ಕರೆದುಕೊಂಡು ಹೋಗಿ.

ಮುಂದಕ್ಕೆ ಹೋಗುವ ಮುಂಚೆ: ತೀರಾ ಬಡಕಲಾದ ನಾಯಿಯ ವಿಷಯ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬಹಳ ದಿನ ಉಪವಾಸ ಇದ್ದು ಮೂಳೆ ಚಕ್ಕಳ ಆಗಿರುವ ನಾಯಿ ಬಂದರೆ, ಕರುಳು ಚುರ್ ಅಂದು ತಟ್ಟೆ ತುಂಬಾ ಹಾಕಿಬಿಡಬೇಕು ಅನ್ನಿಸುತ್ತದೆ. ಹಾಗೆ ಹಾಕಿದರೆ ಅದರ ಜೀವಕ್ಕೇ ಅಪಾಯ. ಹಸಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಊಟ ಬಿದ್ದರೆ ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶಗಳ ಒಳಗೆ ಎಳೆದುಕೊಂಡು ಹೋಗಿ ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ, ಹೃದಯ ಮತ್ತು ಸ್ನಾಯುಗಳು ಕೈಕೊಡುತ್ತವೆ. ರೀಫೀಡಿಂಗ್ ಸಿಂಡ್ರೋಮ್ ಅನ್ನುವುದು ಇದನ್ನೇ. ಇಂಥ ನಾಯಿಗೆ ಎಷ್ಟು ಹಾಕಬೇಕು ಅಂತ ಡಾಕ್ಟರೇ ಹೇಳಬೇಕು. ಸಾಮಾನ್ಯವಾಗಿ ಮೊದಲ ದಿನ ಬೇಕಾದ್ದರಲ್ಲಿ ಒಂದು ಪಾಲು ಮಾತ್ರ, ಅದನ್ನೂ ನಾಲ್ಕು ಆರು ಸಲ ಸ್ವಲ್ಪ ಸ್ವಲ್ಪವಾಗಿ, ಆಮೇಲೆ ದಿನದಿಂದ ದಿನಕ್ಕೆ ಏರಿಸುತ್ತಾ ಹೋಗುತ್ತಾರೆ.

ಇನ್ನೊಂದು ಮಾತು. ನಾಯಿ ಬಡಕಲಾಗಿದೆ ಅಂದರೆ ಕಾರಣ ಯಾವಾಗಲೂ ಊಟವೇ ಆಗಿರಬೇಕಿಲ್ಲ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಎಷ್ಟು ದುಬಾರಿ ಊಟ ಹಾಕಿದರೂ ಅದು ಮೈಗೆ ಹತ್ತುವುದಿಲ್ಲ. ಮೊದಲು ಮಲ ಪರೀಕ್ಷೆ ಮಾಡಿಸಿ, ಜಂತಿನ ಔಷಧಿ ಹಾಕಿಸಿ. ಊಟ ಬದಲಾಯಿಸುವುದಕ್ಕಿಂತ ಇದು ಎಷ್ಟೋ ಅಗ್ಗ, ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಚೀಲದ ಹಿಂಬದಿ ತಿರುಗಿಸಿ

ಚೀಲದ ಮುಂಬದಿಯಲ್ಲಿ ಇರುವುದೆಲ್ಲ ಜಾಹೀರಾತು. ನಿಮಗೆ ಬೇಕಾದ ವಿಷಯ ಹಿಂದೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದರಲ್ಲೂ ಒಂದು ಸಾಲು ಸಿಗುವವರೆಗೆ ಬೇರೆ ಏನನ್ನೂ ನೋಡಬೇಡಿ: ಈ ಆಹಾರ "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್" ಅಥವಾ "ಕಂಪ್ಲೀಟ್" ಅಂತ ಹೇಳುವ ಸಾಲು, ಜೊತೆಗೆ ಯಾವ ವಯಸ್ಸಿನ ನಾಯಿಗೆ ಅನ್ನುವುದು. ನಾಯಿ ಬೇರೇನೂ ತಿನ್ನದೆ ಇದೊಂದನ್ನೇ ತಿಂದುಕೊಂಡು ಆರೋಗ್ಯವಾಗಿ ಇರಬಲ್ಲದು ಅಂತ ಇದರ ಅರ್ಥ. ಇದಕ್ಕೆ ಅಮೆರಿಕದಲ್ಲಿ ಆಫ್ಕೋ, ಯುರೋಪಿನಲ್ಲಿ ಫೆಡಿಯಾಫ್ ಅನ್ನುವ ಸಂಸ್ಥೆಗಳು ಪೋಷಕಾಂಶಗಳ ಪಟ್ಟಿ ಮಾಡಿಟ್ಟಿವೆ. ಬೇರೆ ಕಡೆ ತಯಾರಾದ ಚೀಲಗಳ ಮೇಲೂ ಸಾಮಾನ್ಯವಾಗಿ ಇವೆರಡರಲ್ಲಿ ಒಂದರ ಹೆಸರು ಕಾಣುತ್ತದೆ.

"ಕಾಂಪ್ಲಿಮೆಂಟರಿ" ಅಂತಲೋ "ಸಪ್ಲಿಮೆಂಟಲ್ ಫೀಡಿಂಗ್" ಅಂತಲೋ ಬರೆದಿದ್ದರೆ ಅದು ಪೂರ್ತಿ ಊಟ ಅಲ್ಲ. ನೆಂಚಿಕೊಳ್ಳಲು ಮಾತ್ರ. ಬೆಲೆ ಕಡಿಮೆ ಇರುವ ಗ್ರೇವಿ ಪ್ಯಾಕೆಟ್‌ಗಳಲ್ಲಿ ಇಂಥವು ಜಾಸ್ತಿ, ನೋಡಲು ಪೂರ್ತಿ ಊಟದ ಹಾಗೆಯೇ ಇರುತ್ತವೆ. ಆ ಸಾಲೇ ಇಲ್ಲದ ಚೀಲವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನಂತೂ ತರುವುದಿಲ್ಲ.

ವಯಸ್ಸಿನ ವಿಷಯ. ಬೆಳೆಯುವ ಮರಿಗೆ "ಗ್ರೋತ್" ಅಥವಾ "ಆಲ್ ಲೈಫ್ ಸ್ಟೇಜಸ್" ಅಂತ ಇರಲೇಬೇಕು. ದೊಡ್ಡ ನಾಯಿಯ ಊಟವನ್ನು ಮರಿಗೆ ಹಾಕಿ ಉಳಿತಾಯ ಮಾಡಬೇಡಿ. ಮರಿ ಮುಂದೆ ದೊಡ್ಡ ಗಾತ್ರದ ನಾಯಿ ಆಗುವ ಹಾಗಿದ್ದರೆ, ಅಂದರೆ 30 ಕೆಜಿ ದಾಟುವ ಜಾತಿ ಅನ್ನಿಸಿದರೆ, "ಲಾರ್ಜ್ ಬ್ರೀಡ್ ಪಪ್ಪಿ" ಊಟವೇ ಒಳ್ಳೆಯದು. ಅದರಲ್ಲಿ ಕ್ಯಾಲ್ಸಿಯಂ ಮಿತಿ ಮೀರದ ಹಾಗೆ ನೋಡಿಕೊಂಡಿರುತ್ತಾರೆ. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಮತ್ತು ಕೀಲು ಸರಿಯಾಗಿ ಬೆಳೆಯುವುದಿಲ್ಲ. ಹಾಗಾಗಿ ಮೇಲಿಂದ ಕ್ಯಾಲ್ಸಿಯಂ ಪುಡಿ ಹಾಕುವ ಆಸೆಯನ್ನೂ ಬಿಡಿ. ಬಸುರಿ ನಾಯಿ ಅಥವಾ ಮರಿಗೆ ಹಾಲೂಡಿಸುತ್ತಿರುವ ತಾಯಿ ಬಂದರೆ ಅದಕ್ಕೂ ಮರಿಗಳ ಊಟವೇ ಸರಿ. ಹಾಲು ಹೆಚ್ಚು ಬರುವ ಮೂರು ನಾಲ್ಕನೇ ವಾರದಲ್ಲಿ ಅದಕ್ಕೆ ಮಾಮೂಲಿಗಿಂತ ಎರಡು ಪಟ್ಟು, ಮರಿಗಳು ತುಂಬಾ ಇದ್ದರೆ ಇನ್ನೂ ಜಾಸ್ತಿ ಬೇಕಾಗುತ್ತದೆ.

ಪ್ರೋಟೀನ್ ಎಷ್ಟಿರಬೇಕು? ಆಫ್ಕೋ ಪ್ರಕಾರ ನೀರಿನಂಶ ಲೆಕ್ಕಕ್ಕೆ ತೆಗೆದುಕೊಳ್ಳದೆ ನೋಡಿದರೆ ಬೆಳೆದ ನಾಯಿಗೆ ಕನಿಷ್ಠ ಶೇ 18, ಮರಿಗೆ ಶೇ 22.5. ಕೊಬ್ಬು ಕನಿಷ್ಠ ಶೇ 5.5 ಮತ್ತು ಶೇ 8.5. ಇದು ಕನಿಷ್ಠ ಮಟ್ಟ, ಸಾಮಾನ್ಯವಾಗಿ ಒಂದು ಸಾಧಾರಣ ಒಳ್ಳೆಯ ಡ್ರೈ ಫುಡ್‌ನಲ್ಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ. "ನೀರಿನಂಶ ಬಿಟ್ಟು" ಅನ್ನುವುದನ್ನು ಮರೆಯಬೇಡಿ. ಡಬ್ಬಿ ಊಟದ ಮೇಲೆ ಪ್ರೋಟೀನ್ ಶೇ 8 ಅಂತ ನೋಡಿ ಅಯ್ಯೋ ಇಷ್ಟೇನಾ ಅನ್ನಿಸುತ್ತದೆ. ಅದರಲ್ಲಿ ಶೇ 78 ನೀರೇ ಇದ್ದರೆ ಉಳಿದದ್ದು 22 ಭಾಗ. ಆ 22ರಲ್ಲಿ 8 ಅಂದರೆ ಶೇ 36. ಪಕ್ಕದ ಕಿಬಲ್ ಚೀಲದಲ್ಲಿ ಪ್ರೋಟೀನ್ 24, ನೀರು 10 ಅಂತಿದ್ದರೆ 90ರಲ್ಲಿ 24, ಅಂದರೆ ಶೇ 27ರ ಹತ್ತಿರ. ಹೀಗೆ ಹೋಲಿಸಬೇಕು. ಹಾಗಂತ ಪ್ರೋಟೀನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ, ಬೇಕಾದಷ್ಟು ಸಿಕ್ಕ ಮೇಲೆ ಮಿಕ್ಕಿದ್ದನ್ನು ದೇಹ ಶಕ್ತಿಗಾಗಿ ಬಳಸಿಕೊಳ್ಳುತ್ತದೆ ಇಲ್ಲವೇ ಕೊಬ್ಬಾಗಿ ಇಟ್ಟುಕೊಳ್ಳುತ್ತದೆ, ನೀವು ಕೊಟ್ಟಿದ್ದು ಮಾತ್ರ ಪ್ರೋಟೀನಿನ ಬೆಲೆ.

ಇವುಗಳಿಗೆ ಹೆಚ್ಚು ಹಣ ಕೊಡಬೇಡಿ

"ಪ್ರೀಮಿಯಂ", "ಹೋಲಿಸ್ಟಿಕ್", "ಗೋರ್ಮೆ" ಇವೆಲ್ಲ ಮಾರಾಟದ ಪದಗಳು. ಊಟದ ಗುಣಮಟ್ಟದ ಬಗ್ಗೆ ಏನೂ ಹೇಳುವುದಿಲ್ಲ. ಕೆಂಪು ಹಸಿರು ಬಣ್ಣದ ಕಾಳುಗಳು ನಮ್ಮ ಕಣ್ಣಿಗೆ ಹಬ್ಬ ಅಷ್ಟೇ, ನಾಯಿಗೆ ಕೆಂಪು ಹಸಿರಿನ ವ್ಯತ್ಯಾಸವೇ ಸರಿಯಾಗಿ ಕಾಣುವುದಿಲ್ಲ.

"ಗ್ರೇನ್ ಫ್ರೀ", ಅಂದರೆ ಧಾನ್ಯ ಇಲ್ಲದ ಊಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಾರೆ. ಅಕ್ಕಿ, ಜೋಳ, ಗೋಧಿ ನಾಯಿಗೆ ಜೀರ್ಣವಾಗುವುದಿಲ್ಲ ಅನ್ನುವುದು ತಪ್ಪು. ಪಿಷ್ಟ ಜೀರ್ಣಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಜಾಸ್ತಿ ಇವೆ ಅಂತ 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮನುಷ್ಯರ ಜೊತೆ ಬದುಕಿ ಬದುಕಿ ನಮ್ಮ ಊಟ ಅದಕ್ಕೂ ಒಗ್ಗಿದೆ. ಊಟದಿಂದ ಅಲರ್ಜಿ ಆಗುವ ನಾಯಿಗಳಲ್ಲೂ ಹೆಚ್ಚಾಗಿ ಕಾಣುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ. ಧಾನ್ಯಗಳ ಪೈಕಿ ಗೋಧಿ ಸ್ವಲ್ಪ ಮಟ್ಟಿಗೆ. ಅಷ್ಟೇ ಅಲ್ಲದೆ 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ, ಬೇಳೆ, ಆಲೂಗಡ್ಡೆ ಜಾಸ್ತಿ ಇರುವ ಊಟಕ್ಕೂ ಹೃದಯ ಹಿಗ್ಗುವ ಒಂದು ಕಾಯಿಲೆಗೂ ಸಂಬಂಧ ಇದೆಯಾ ಅಂತ ತನಿಖೆ ಶುರುಮಾಡಿತು. ಆಗ ವರದಿಯಾದ ಊಟಗಳಲ್ಲಿ ಹೆಚ್ಚಿನವು ಗ್ರೇನ್ ಫ್ರೀ ಆಗಿದ್ದವು. ಅವುಗಳಿಂದಲೇ ಕಾಯಿಲೆ ಬಂತು ಅಂತ ಸಾಬೀತಾಗಿಲ್ಲ. ಆದರೆ ಡಾಕ್ಟರ್ ಹೇಳದೇ ಇದ್ದರೆ, ಉಪಯೋಗ ಇಲ್ಲದ್ದಕ್ಕೆ ಜಾಸ್ತಿ ಹಣ ಕೊಟ್ಟು ಆ ಅನುಮಾನವನ್ನೂ ಮನೆಗೆ ತರುವುದು ಯಾಕೆ?

ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಂಸವೇ ಇರಬೇಕು ಅಂತ ತುಂಬಾ ಜನ ಹೇಳುತ್ತಾರೆ. ಪಟ್ಟಿ ಬರೆಯುವುದು ತಯಾರಿಸುವ ಮುಂಚಿನ ತೂಕದ ಪ್ರಕಾರ. ಹಸಿ ಕೋಳಿಮಾಂಸದಲ್ಲಿ ಶೇ 70ರ ಆಸುಪಾಸು ನೀರು, ಕಾಳು ಒಣಗುವಾಗ ಆ ನೀರೆಲ್ಲ ಹೋಗುತ್ತದೆ. "ಚಿಕನ್ ಮೀಲ್" ಅಂತಿರುವುದು ನೀರು ತೆಗೆದು ಪುಡಿ ಮಾಡಿದ್ದು, ಅದು ಪಟ್ಟಿಯಲ್ಲಿ ಎರಡನೆಯದಾಗಿ ಇದ್ದರೂ ಪ್ರೋಟೀನ್ ಅದರಿಂದಲೇ ಹೆಚ್ಚು ಬರಬಹುದು. "ಬೈ ಪ್ರಾಡಕ್ಟ್" ಅಂದರೆ ಲಿವರ್, ಕಿಡ್ನಿ, ಶ್ವಾಸಕೋಶದಂಥ ಭಾಗಗಳು. ನಾಯಿಗೆ ಅದು ಪುಷ್ಟಿಯ ಊಟವೇ. ಹೆಸರು ಕೇಳಿ ಮುಖ ಸಿಂಡರಿಸುವವರು ನಾವು, ನಾಯಿ ಅಲ್ಲ.

ಹಾಗಾದರೆ ಬ್ರ್ಯಾಂಡ್ ನಂಬುವುದು ಹೇಗೆ? ಪಶುವೈದ್ಯರ ಜಾಗತಿಕ ಸಂಘ ಡಬ್ಲ್ಯೂಸಾವಾ ಇದಕ್ಕೆ ಕೆಲವು ಪ್ರಶ್ನೆಗಳನ್ನು ಕೊಟ್ಟಿದೆ, ಯಾವ ಬ್ರ್ಯಾಂಡನ್ನೂ ಅದು ಶಿಫಾರಸು ಮಾಡುವುದಿಲ್ಲ. ಊಟ ರೂಪಿಸುವವರು ಪೋಷಣೆಯನ್ನು ಓದಿಕೊಂಡ ತಜ್ಞರೇ, ಎಲ್ಲಿ ತಯಾರಾಗುತ್ತದೆ, ಪ್ರತಿ ಬ್ಯಾಚ್‌ನ ಗುಣಮಟ್ಟ ಹೇಗೆ ಪರೀಕ್ಷೆ ಮಾಡುತ್ತಾರೆ, ನೂರು ಗ್ರಾಂನಲ್ಲಿ ಎಷ್ಟು ಕ್ಯಾಲೊರಿ. ಕಂಪನಿಗೆ ಒಂದು ಮೇಲ್ ಹಾಕಿ ನೋಡಿ. ಮಧ್ಯಮ ಬೆಲೆಯ ದೊಡ್ಡ ಕಂಪನಿ ನೇರವಾಗಿ ಉತ್ತರ ಕೊಟ್ಟು, ದುಬಾರಿ ಬೊಟಿಕ್ ಬ್ರ್ಯಾಂಡ್ ಬರೀ "ಪ್ರೀತಿಯಿಂದ ಮಾಡಿದ್ದು" ಅಂತ ಉತ್ತರಿಸಿದರೆ ಯಾವುದನ್ನು ಆರಿಸಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ?

ದಿನದ ಖರ್ಚು ಲೆಕ್ಕ ಹಾಕಿ

ಮೇಲಿನ ಜರಡಿಯಲ್ಲಿ ಎರಡು ಮೂರು ಚೀಲ ಉಳಿದಿರುತ್ತವೆ. ಈಗ ಬೆಲೆ ನೋಡಿ. ಚೀಲದ ಮೇಲಿರುವ ಬೆಲೆಯಾಗಲಿ, ಕೆಜಿಗೆ ಎಷ್ಟು ಅನ್ನುವುದಾಗಲಿ ಪೂರ್ತಿ ವಿಷಯ ಹೇಳುವುದಿಲ್ಲ. ಒಂದು ದಿನದ ಹೊಟ್ಟೆ ತುಂಬಲು ಎಷ್ಟಾಗುತ್ತದೆ ಅನ್ನುವುದೇ ನಿಜವಾದ ಬೆಲೆ. ಅದಕ್ಕೆ ನಾಯಿಗೆ ಎಷ್ಟು ಕ್ಯಾಲೊರಿ ಬೇಕು, ಊಟದಲ್ಲಿ ಎಷ್ಟಿದೆ, ಇವೆರಡು ಗೊತ್ತಾದರೆ ಸಾಕು.

ಮರಿಯಾಗದ ಹಾಗೆ ಆಪರೇಷನ್ ಆಗಿರುವ, ಸಾಧಾರಣವಾಗಿ ಓಡಾಡಿಕೊಂಡಿರುವ ಬೆಳೆದ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು ಹೀಗೆ: 5 ಕೆಜಿ ನಾಯಿಗೆ 375 ಕಿಲೋ ಕ್ಯಾಲೊರಿ, 10 ಕೆಜಿಗೆ 630, 20 ಕೆಜಿಗೆ 1,060, 30 ಕೆಜಿಗೆ 1,435. ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟು ಆಗುವುದಿಲ್ಲ ಅನ್ನುವುದನ್ನು ಗಮನಿಸಿ. ಇದು ಶುರುಮಾಡಲು ಒಂದು ಅಂದಾಜು. ನಾಯಿಯಿಂದ ನಾಯಿಗೆ ತುಂಬಾ ವ್ಯತ್ಯಾಸ ಇರುತ್ತದೆ. ಮನೆಯ ಮೂಲೆಯಲ್ಲೇ ಮಲಗಿರುವ ನಾಯಿಗೆ ಇದಕ್ಕಿಂತ ಕಡಿಮೆ ಸಾಕು. ನಾಲ್ಕು ತಿಂಗಳ ಒಳಗಿನ ಮರಿಗೆ ಅದೇ ತೂಕದ ಬೆಳೆದ ನಾಯಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬೇಕು.

ಊಟದ ಕ್ಯಾಲೊರಿ ಚೀಲದ ಮೇಲೇ ಬರೆದಿದ್ದರೆ ಸರಿ. ಬರೆದಿಲ್ಲ ಅಂದರೆ ನೀವೇ ತೆಗೆಯಬಹುದು, ಕಷ್ಟವೇನಿಲ್ಲ. ಒಂದು ಚೀಲದ ಮೇಲೆ ಪ್ರೋಟೀನ್ 24, ಕೊಬ್ಬು 12, ನಾರು 4, ನೀರು 10, ಬೂದಿ 8 ಅಂತ ಇದೆ ಅಂದುಕೊಳ್ಳಿ. ಬೂದಿ ಅಂದರೆ ಖನಿಜಾಂಶ, ಬರೆದಿಲ್ಲದಿದ್ದರೆ 8 ಅಂತ ಹಿಡಿಯಿರಿ. ಇವೆಲ್ಲ ಕೂಡಿದರೆ 58. ನೂರರಲ್ಲಿ ಕಳೆದರೆ 42, ಇದು ಪಿಷ್ಟ. ಈಗ ಪ್ರೋಟೀನನ್ನು 3.5ರಿಂದ, ಕೊಬ್ಬನ್ನು 8.5ರಿಂದ, ಪಿಷ್ಟವನ್ನು 3.5ರಿಂದ ಗುಣಿಸಿ. 84, 102, 147. ಒಟ್ಟು 333. ಅಂದರೆ 100 ಗ್ರಾಂಗೆ ಸುಮಾರು 333 ಕಿಲೋ ಕ್ಯಾಲೊರಿ.

ಪಕ್ಕದಲ್ಲಿ ಇನ್ನೊಂದು ಚೀಲ. ಪ್ರೋಟೀನ್ 20, ಕೊಬ್ಬು 8, ನಾರು 5, ನೀರು 12, ಬೂದಿ 9. ಪಿಷ್ಟ 46 ಬರುತ್ತದೆ. ಅದೇ ಲೆಕ್ಕದಲ್ಲಿ 100 ಗ್ರಾಂಗೆ 299.

10 ಕೆಜಿ ನಾಯಿಗೆ 630 ಬೇಕು. ಮೊದಲ ಚೀಲದಿಂದ ದಿನಕ್ಕೆ 190 ಗ್ರಾಂ, ಎರಡನೆಯದರಿಂದ 210 ಗ್ರಾಂ. ಎರಡೂ 10 ಕೆಜಿ ಚೀಲ ಆಗಿದ್ದರೆ ಮೊದಲನೆಯದು ಸುಮಾರು 52 ದಿನ ಬರುತ್ತದೆ, ಎರಡನೆಯದು 47 ದಿನ. ಚೀಲದ ಬೆಲೆಯನ್ನು ಈ ದಿನಗಳಿಂದ ಭಾಗಿಸಿ ನೋಡಿ. ಎರಡನೆಯ ಚೀಲದ ಬೆಲೆ ಶೇ 10ಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಮಾತ್ರ ಅದು ನಿಜವಾಗಿ ಅಗ್ಗ. ಅಷ್ಟು ವ್ಯತ್ಯಾಸ ಇಲ್ಲ ಅಂದರೆ ಮೊದಲನೆಯದೇ ಲಾಭ, ಜೊತೆಗೆ ನೀವು ಎತ್ತಬೇಕಾದ ಮಲವೂ ಕಡಿಮೆ. ಲೇಬಲ್‌ನಲ್ಲಿ ಕೊಡುವುದು ಕನಿಷ್ಠ ಗರಿಷ್ಠ ಅಂಕಿಗಳು, ಹಾಗಾಗಿ ಇದು ಅಂದಾಜೇ. ಆದರೆ ಎರಡು ಚೀಲಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಧಾರಾಳವಾಗಿ ಸಾಕು.

ಇದೇ ಲೆಕ್ಕವನ್ನು ಡಬ್ಬಿ ಊಟಕ್ಕೆ ಹಾಕಿದರೆ ಅದು ಯಾಕೆ ದುಬಾರಿ ಅಂತ ತಾನಾಗಿ ಗೊತ್ತಾಗುತ್ತದೆ. 100 ಗ್ರಾಂಗೆ 90 ಕಿಲೋ ಕ್ಯಾಲೊರಿ ಇರುವ ಡಬ್ಬಿಯಾದರೆ ಅದೇ ನಾಯಿಗೆ ದಿನಕ್ಕೆ 700 ಗ್ರಾಂ ಬೇಕು. ಹಣ ಹೋಗುವುದು ನೀರಿಗೆ ಮತ್ತು ಡಬ್ಬಿಗೆ. ಹಲ್ಲಿಲ್ಲದ ಮುದಿ ನಾಯಿಗೆ, ಊಟ ಮುಟ್ಟದ ನಾಯಿಗೆ, ಮಾತ್ರೆ ನುಂಗಿಸಲಿಕ್ಕೆ ಡಬ್ಬಿ ಇರಲಿ. ದಿನಾ ಒಂದು ಚಮಚ ಕಿಬಲ್ ಮೇಲೆ ಹಾಕಿ ಕಲಸಿದರೂ ನಾಯಿಗೆ ಖುಷಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಲೋಟದಲ್ಲಿ ಅಳೆದು ಹಾಕಿದರೆ ಸುಮ್ನೆ ದಂಡ. ಒಬ್ಬರ ಒಂದು ಲೋಟ ಇನ್ನೊಬ್ಬರ ಒಂದೂವರೆ ಲೋಟ. ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ತೂಗಿ.

ಎಷ್ಟು ದೊಡ್ಡ ಚೀಲ, ಹೇಗೆ ಇಡಬೇಕು

ದೊಡ್ಡ ಚೀಲ ಕೆಜಿಗೆ ಅಗ್ಗ, ನಿಜ. ಆದರೆ ಒಡೆದ ಚೀಲವನ್ನು ಆರು ವಾರದೊಳಗೆ ಮುಗಿಸುವುದು ಒಳ್ಳೆಯದು. ಗಾಳಿ ತಗುಲಿದ ಮೇಲೆ ಕೊಬ್ಬು ಹಳಸುತ್ತಾ ಹೋಗುತ್ತದೆ, ವಿಟಮಿನ್‌ಗಳೂ ಕಡಿಮೆಯಾಗುತ್ತವೆ. ಮೇಲಿನ ಉದಾಹರಣೆಯಲ್ಲೇ ನೋಡಿ, 10 ಕೆಜಿ ನಾಯಿ ಒಂದಕ್ಕೇ 10 ಕೆಜಿ ಚೀಲ ಸ್ವಲ್ಪ ದೊಡ್ಡದೇ ಆಯ್ತು. 5 ಕೆಜಿ ನಾಯಿಗಂತೂ ಬೇಡವೇ ಬೇಡ. ಅದೂ ಅಲ್ಲದೆ ಫಾಸ್ಟರ್ ನಾಯಿ ಯಾವತ್ತು ದತ್ತು ಹೋಗುತ್ತದೆ, ಮುಂದೆ ಮರಿ ಬರುತ್ತದಾ ಮುದಿ ನಾಯಿ ಬರುತ್ತದಾ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಮೊದಲು ಚಿಕ್ಕ ಚೀಲ ತನ್ನಿ, ಒಗ್ಗಿದರೆ ಮಧ್ಯಮ ಗಾತ್ರದ್ದು. ನಿಮ್ಮ ಸ್ವಂತ ನಾಯಿಯೂ ಅದನ್ನೇ ತಿನ್ನುವುದಾದರೆ ಅಥವಾ ಇನ್ನೊಬ್ಬ ಫಾಸ್ಟರ್ ಜೊತೆ ಹಂಚಿಕೊಳ್ಳುವುದಾದರೆ ಆಗ ದೊಡ್ಡದು ತರಬಹುದು.

ಅವಧಿ ಮುಗಿಯುವ ತಾರೀಖು ಹತ್ತಿರ ಇರುವ ಚೀಲಗಳನ್ನು ಅಂಗಡಿಯವರು ಕಡಿಮೆಗೆ ಕೊಡುತ್ತಾರೆ. ಆ ತಾರೀಖಿನ ಒಳಗೆ ಮುಗಿಯುತ್ತದೆ, ಚೀಲ ಎಲ್ಲೂ ಹರಿದಿಲ್ಲ ಅಂದರೆ ಧೈರ್ಯವಾಗಿ ತನ್ನಿ. ಉಳಿತಾಯಕ್ಕೆ ಇದು ಬಹಳ ಒಳ್ಳೆಯ ದಾರಿ. ಡಾಕ್ಟರ್ ಹತ್ತಿರ ಸ್ಯಾಂಪಲ್ ಪ್ಯಾಕೆಟ್ ಇದೆಯಾ ಅಂತಲೂ ಕೇಳಿ. ಚಿಲ್ಲರೆಯಾಗಿ ಡ್ರಮ್ಮಿನಿಂದ ತೂಗಿ ಕೊಡುವ ಊಟ ಮಾತ್ರ ಬೇಡ. ಯಾವ ಬ್ರ್ಯಾಂಡ್, ಯಾವ ಬ್ಯಾಚ್, ಒಡೆದು ಎಷ್ಟು ದಿನವಾಯ್ತು, ಒಂದೂ ಗೊತ್ತಾಗುವುದಿಲ್ಲ.

ಮನೆಗೆ ತಂದ ಮೇಲೆ ಕಾಳನ್ನು ಡಬ್ಬಕ್ಕೆ ಸುರಿಯಬೇಡಿ. ಚೀಲದ ಸಮೇತ ಡಬ್ಬದಲ್ಲಿಟ್ಟು ಬಾಯಿ ಮುಚ್ಚಿ. ಕಂಪನಿ ಯಾವುದಾದರೂ ಬ್ಯಾಚ್ ವಾಪಸ್ ಕರೆಸಿಕೊಂಡರೆ ಚೀಲದ ಮೇಲಿನ ಬ್ಯಾಚ್ ನಂಬರ್ ನೋಡಬೇಕಾಗುತ್ತದೆ. ಜೊತೆಗೆ ಡಬ್ಬದ ತಳದಲ್ಲಿ ಅಂಟಿದ ಹಳೆಯ ಜಿಡ್ಡು ಹೊಸ ಕಾಳನ್ನೂ ಕೆಡಿಸುತ್ತದೆ. ಬಿಸಿಲು, ಒಲೆಯ ಶಾಖ ತಾಗದ ಜಾಗದಲ್ಲಿಡಿ. ಚೀಲ ಒಡೆದ ದಿನ ಒಮ್ಮೆ ಮೂಸಿ ನೋಡಿ ಆ ವಾಸನೆ ನೆನಪಿಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಕರಿದ ಎಣ್ಣೆ ಹಳಸಿದ ಹಾಗೆ ವಾಸನೆ ಬಂದರೆ, ಅಥವಾ ಚೆನ್ನಾಗಿ ತಿನ್ನುತ್ತಿದ್ದ ನಾಯಿ ತಟ್ಟೆ ಮೂಸಿ ಮುಖ ತಿರುಗಿಸಿದರೆ, ಉಳಿದದ್ದನ್ನು ಎಸೆಯಿರಿ.

ಮನೆಯ ಊಟ ಸೇರಿಸಬಹುದಾ?

ಸೇರಿಸಬಹುದು, ಅಳತೆ ಮೀರಬಾರದು. ಅನ್ನ ಕೋಳಿ ಬೇಯಿಸಿ ಹಾಕಿದರೆ ಅಗ್ಗವೂ ಆಗುತ್ತದೆ, ಒಳ್ಳೆಯದೂ ಆಗುತ್ತದೆ ಅಂತ ಅನ್ನಿಸುವುದು ಸಹಜ. ಹೊಟ್ಟೆ ಕೆಟ್ಟಾಗ ಡಾಕ್ಟರ್ ಹೇಳಿದಂತೆ ಎರಡು ಮೂರು ದಿನ ಹಾಕಲು ಅದು ಸರಿ. ದಿನಾ ಅದೇ ಆದರೆ ಕ್ಯಾಲ್ಸಿಯಂ ಇಲ್ಲ, ಸತು, ತಾಮ್ರ, ವಿಟಮಿನ್ ಡಿ, ವಿಟಮಿನ್ ಇ ಸಾಲದು. ಮೂಳೆ ಇಲ್ಲದ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯಲು ಶುರುಮಾಡುತ್ತದೆ, ಮರಿಗಳಲ್ಲಿ ಕೆಲವೇ ವಾರಗಳಲ್ಲಿ ಕಾಲು ಸೊಟ್ಟಗಾಗಬಹುದು, ಮೂಳೆ ಮುರಿಯಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ನಾಯಿಗಳಿಗೆ ಮನೆಯಲ್ಲಿ ಮಾಡುವ ಊಟದ 200 ರೆಸಿಪಿಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶವಾದರೂ ಕಡಿಮೆ ಇತ್ತು. ಆ ಕೊರತೆಗಳನ್ನೆಲ್ಲ ತುಂಬಿ ಸರಿಯಾಗಿ ಮಾಡಲು ಹೊರಟರೆ ಕಿಬಲ್‌ಗಿಂತ ಖರ್ಚು ಜಾಸ್ತಿ ಆಗುತ್ತದೆ.

ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗದಷ್ಟು ಮಾತ್ರ ಹೊರಗಿನದು ಇರಲಿ, ಬಿಸ್ಕತ್ತು ತಿಂಡಿಗಳೂ ಅದರಲ್ಲೇ ಬಂತು. 10 ಕೆಜಿ ನಾಯಿಗೆ ಅದು 60 ಚಿಲ್ಲರೆ ಕಿಲೋ ಕ್ಯಾಲೊರಿ, ಅಂದರೆ ಬೇಯಿಸಿದ ಒಂದು ಸಣ್ಣ ಮೊಟ್ಟೆ. ಮೊಟ್ಟೆ ಹಾಕಿದ ದಿನ ಕಿಬಲ್ 20 ಗ್ರಾಂ ಕಡಿಮೆ ಮಾಡಿ. ಬೇಯಿಸಿದ ಕ್ಯಾರೆಟ್, ಕುಂಬಳಕಾಯಿ, ಉಪ್ಪು ಮಸಾಲೆ ಹಾಕದ ಕೋಳಿ, ಇವು ಒಳ್ಳೆಯವೇ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಮಕಡಾಮಿಯಾ ಬೀಜ, ಸಕ್ಕರೆ ಬದಲು ಝೈಲಿಟಾಲ್ ಹಾಕಿದ ಯಾವುದೇ ತಿಂಡಿ, ಇವು ನಾಯಿಗೆ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಸಿ ಮಾಂಸ ಬೇಡ, ಅದರಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಮೊದಲೇ ಸೊರಗಿರುವ ನಾಯಿಗೂ ಮನೆಯ ಮಕ್ಕಳು ವಯಸ್ಸಾದವರಿಗೂ ಅಪಾಯ.

ಒಗ್ಗುತ್ತಿದೆಯಾ ಅಂತ ತಿಳಿಯುವುದು ಹೇಗೆ

ಮಲ ನೋಡಿ. ಗಟ್ಟಿಯಾಗಿ, ಆಕಾರ ಉಳಿಸಿಕೊಂಡು, ಎತ್ತಿದಾಗ ನೆಲಕ್ಕೆ ಹೆಚ್ಚು ಅಂಟದೇ ಇದ್ದರೆ ಊಟ ಜೀರ್ಣವಾಗುತ್ತಿದೆ. ಬದಲಾವಣೆ ಮುಗಿದು ಎರಡು ವಾರವಾದರೂ ಮಲ ರಾಶಿ ರಾಶಿಯಾಗಿ, ಮೆತ್ತಗೆ ಬರುತ್ತಿದ್ದರೆ ಆ ಊಟ ಎಷ್ಟೇ ಅಗ್ಗವಾದರೂ ಬದಲಾಯಿಸಿ. ರಕ್ತ ಕಂಡರೆ, ವಾಂತಿಯೂ ಜೊತೆಗಿದ್ದರೆ ಊಟದ ಯೋಚನೆ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ವಾರಕ್ಕೊಮ್ಮೆ ತೂಕ ನೋಡಿ, ಪಕ್ಕೆಲುಬು ಮುಟ್ಟಿ ನೋಡಿ. ಹೀಗೆ ಮಾಡಿ: ನಿಮ್ಮ ಒಂದು ಅಂಗೈಯನ್ನು ನೆಲದ ಕಡೆ ಮಾಡಿ ಬೆರಳು ಚಾಚಿ, ಇನ್ನೊಂದು ಕೈಯಿಂದ ಬೆರಳಿನ ಬುಡದ ಹಿಂಬದಿ ಸವರಿ. ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು, ಒತ್ತದೇ ಕೈಗೆ ಸಿಗುತ್ತದೆ ಆದರೆ ಚುಚ್ಚುವುದಿಲ್ಲ. ಮುಷ್ಟಿ ಹಿಡಿದು ಗೆಣ್ಣು ಸವರಿದ ಹಾಗಿದ್ದರೆ ತೀರಾ ತೆಳ್ಳಗಿದೆ. ಅಂಗೈಯ ದಪ್ಪ ಭಾಗ ಒತ್ತಿದ ಹಾಗಿದ್ದರೆ ಕೊಬ್ಬು ಜಾಸ್ತಿ. ಕೂದಲು ದಟ್ಟ ಇರುವ ನಾಯಿಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಯೇ ಸರಿ. ಇದನ್ನು ನೋಡಿಕೊಂಡು ಊಟವನ್ನು ಶೇ 10ರಷ್ಟು ಏರಿಸಿ ಅಥವಾ ಇಳಿಸಿ, ಎರಡು ವಾರ ಕಾದು ಮತ್ತೆ ನೋಡಿ. ಚೀಲದ ಮೇಲಿನ ಅಳತೆ ಎಷ್ಟೋ ಸಲ ಮನೆಯೊಳಗಿರುವ ನಾಯಿಗೆ ಜಾಸ್ತಿಯೇ ಆಗುತ್ತದೆ, ಅದನ್ನೇ ಹಾಕುತ್ತಾ ಹೋದರೆ ದುಡ್ಡೂ ಹೋಗುತ್ತದೆ, ನಾಯಿಯೂ ದಪ್ಪಗಾಗುತ್ತದೆ.

ಕೂದಲ ಹೊಳಪು, ಚರ್ಮ ಸುಧಾರಿಸಲು ಆರೆಂಟು ವಾರ ಬೇಕು. ಒಂದು ವಾರದಲ್ಲಿ ಬದಲಾಗಲಿಲ್ಲ ಅಂತ ಬ್ರ್ಯಾಂಡ್ ಮೇಲೆ ಬ್ರ್ಯಾಂಡ್ ಬದಲಾಯಿಸುತ್ತಾ ಹೋಗಬೇಡಿ. ಕೆರೆದುಕೊಳ್ಳುತ್ತಿದ್ದರೆ ಮೊದಲು ಚಿಗಟ, ಉಣ್ಣಿ, ಕಜ್ಜಿ ಇದೆಯಾ ನೋಡಿಸಿ. ಶೆಲ್ಟರ್‌ನಿಂದ ಬಂದ ನಾಯಿಯಲ್ಲಿ ಊಟದ ಅಲರ್ಜಿಗಿಂತ ಅವುಗಳೇ ಜಾಸ್ತಿ. ಮೂತ್ರಪಿಂಡ, ಪ್ಯಾಂಕ್ರಿಯಾಸ್ ತೊಂದರೆ ಇರುವ ನಾಯಿಗೆ ಮಾತ್ರ ಇಲ್ಲಿ ಹೇಳಿದ ಯಾವ ಲೆಕ್ಕವೂ ನಡೆಯುವುದಿಲ್ಲ, ಡಾಕ್ಟರ್ ಬರೆದುಕೊಟ್ಟ ಊಟವೇ ಆಗಬೇಕು. ಅದರ ಖರ್ಚನ್ನು ಶೆಲ್ಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ದತ್ತು ಹೋಗುವ ದಿನ ಒಂದು ವಾರಕ್ಕಾಗುವಷ್ಟು ಇದೇ ಊಟವನ್ನು ಪ್ಯಾಕ್ ಮಾಡಿ ಹೊಸ ಮನೆಯವರಿಗೆ ಕೊಡಿ. ಜೊತೆಗೆ ಒಂದು ಚೀಟಿ: ಬ್ರ್ಯಾಂಡ್ ಮತ್ತು ಯಾವ ಬಗೆಯದು, ದಿನಕ್ಕೆ ಎಷ್ಟು ಗ್ರಾಂ, ಯಾವ ಯಾವ ಹೊತ್ತಿಗೆ, ಯಾವ ತಿಂಡಿ ಇಷ್ಟ, ಯಾವುದು ಹೊಟ್ಟೆಗೆ ಆಗಿಬರಲಿಲ್ಲ, ಕೊನೆಯ ತೂಕ ಎಷ್ಟು, ಜಂತಿನ ಔಷಧಿ ಹಾಕಿದ ತಾರೀಖು. ಚೀಲದ ಹಿಂಬದಿಯ ಒಂದು ಫೋಟೋವನ್ನೂ ಅವರ ಫೋನಿಗೆ ಕಳಿಸಿ, ಅದೇ ಹೆಸರಿನಲ್ಲಿ ನಾಲ್ಕಾರು ಬಗೆ ಇರುವುದರಿಂದ ಅಂಗಡಿಯಲ್ಲಿ ಬೇರೆಯದನ್ನು ತಂದುಬಿಡುವುದು ತಪ್ಪುತ್ತದೆ.